ಪದಕದ ಅಂಚಿನ ಹೆಸರು

ಕೊಪ್ಪ
12 ಜೂನ್ 2006

ಬೇಗಾರಿನ ದಿವಂಗತ ಲಿಂಗಪ್ಪನವರ ಮನೆಯವರಿಗೆ,

ನನ್ನ ಪರಿಚಯ ನಿಮಗಿಲ್ಲ. ಕೊಪ್ಪದ ಬಸ್ ನಿಲ್ದಾಣದ ಎದುರು ನನ್ನದೊಂದು ವಾಚ್ ರಿಪೇರಿ ಅಂಗಡಿ ಇದೆ. ಮೂವತ್ತೆಂಟು ವರ್ಷದಿಂದ ಅದೇ ಕೆಲಸ. ಈಗ ಜನ ಗಂಟೆ ನೋಡುವುದು ಮೊಬೈಲಿನಲ್ಲಿ, ಹಾಗಾಗಿ ನನಗೆ ಬಿಡುವು ಜಾಸ್ತಿ. ಆ ಬಿಡುವಿನಲ್ಲಿ ಹಳೆಯ ಸೈನಿಕ ಪದಕಗಳನ್ನು ಕೂಡಿಸುತ್ತೇನೆ. ಪಾತ್ರೆ ಅಂಗಡಿಯವರು, ಗುಜರಿಯವರು ಸಿಕ್ಕಿದ್ದನ್ನು ತಂದುಕೊಡುತ್ತಾರೆ. ಪದಕದ ಮುಖಕ್ಕಿಂತ ಅದರ ಅಂಚು ನನಗೆ ಮುಖ್ಯ. ಸೈನಿಕನ ನಂಬರು, ಹೆಸರು, ದಳ ಇವನ್ನೆಲ್ಲ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಕೆತ್ತಿರುತ್ತಾರೆ. ವಾಚ್ ನೋಡುವ ಭೂತಗನ್ನಡಿ ಹಾಕಿಕೊಂಡರೆ ಓದಬಹುದು. ಓದಿದ ಮೇಲೆ ಆ ಮನುಷ್ಯ ಯಾವ ಊರಿನವನು, ಏನಾದ ಎಂದು ಹುಡುಕಿ, ಒಬ್ಬೊಬ್ಬರಿಗೆ ಒಂದು ಪುಟದಂತೆ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಪದಕ ಮಾರುವವನು ನಾನಲ್ಲ.

ಜನವರಿಯಲ್ಲಿ ಇಲ್ಲಿನ ಒಬ್ಬ ಪಾತ್ರೆ ವ್ಯಾಪಾರಿಯಿಂದ ಎರಡನೇ ಮಹಾಯುದ್ಧದ ಪದಕವೊಂದು ಸಿಕ್ಕಿತು. ಒಂದು ಕಡೆ ರಾಜನ ತಲೆ. ಇನ್ನೊಂದು ಕಡೆ ಎರಡು ತಲೆಯ ಪ್ರಾಣಿಯನ್ನು ತುಳಿದು ನಿಂತ ಸಿಂಹ. ಅಂಚಿನಲ್ಲಿ ನಂಬರು, ಲಿಂಗಪ್ಪ, ಇಂಡಿಯನ್ ಪಯೋನಿಯರ್ ಕೋರ್ ಎಂದು ಇಂಗ್ಲಿಷಿನಲ್ಲಿದೆ. ಪಯೋನಿಯರ್ ಎಂದರೆ ಬಂದೂಕಿಗಿಂತ ಹೆಚ್ಚಾಗಿ ಹಾರೆ ಗುದ್ದಲಿ ಹಿಡಿದ ಸೈನಿಕರು. ರಸ್ತೆ ಕಡಿಯುವುದು, ಸೇತುವೆಗೆ ಮರ ಹೊರುವುದು ಅವರ ಕೆಲಸ.

ಯುದ್ಧದಲ್ಲಿ ಸತ್ತವರ ಪಟ್ಟಿ ಈಗ ಕಂಪ್ಯೂಟರಿನಲ್ಲಿ ಸಿಗುತ್ತದೆ. ಇಲ್ಲಿನ ಇಂಟರ್‌ನೆಟ್ ಸೆಂಟರಿನಲ್ಲಿ ಹುಡುಕಿಸಿದೆ. ಅದೇ ನಂಬರಿನ ಎದುರು ಹೀಗಿದೆ: ಲಿಂಗಪ್ಪ, ತಂದೆ ತಿಮ್ಮಪ್ಪಗೌಡ, ಊರು ಬೇಗಾರ್, ಮೈಸೂರು ಸಂಸ್ಥಾನ. ಮರಣ 19 ಜೂನ್ 1944. ಇಂಫಾಲದಲ್ಲಿ ದಹನ ಮಾಡಿದ ಸೈನಿಕರ ಹೆಸರು ಕೆತ್ತಿದ ಕಲ್ಲಿನಲ್ಲಿ ಅವರ ಹೆಸರೂ ಇದೆಯಂತೆ.

ಅವರದೊಂದು ಫೋಟೋ ಇದ್ದರೆ ನೋಡುವ ಆಸೆ. ಆಗ ಎಷ್ಟು ವಯಸ್ಸು, ಮದುವೆಯಾಗಿತ್ತೇ, ಹೇಗೆ ಸೈನ್ಯಕ್ಕೆ ಹೋದರು ಎಂಬುದರಲ್ಲಿ ನಿಮಗೆ ಗೊತ್ತಿರುವಷ್ಟನ್ನು ತಿಳಿಸಿದರೆ ಉಪಕಾರವಾಗುತ್ತದೆ. ಒಂದು ಸಾಲು ಬರೆದರೂ ಸಾಕು.

ಇಂತಿ,
ವೃಷಭೇಂದ್ರಪ್ಪ


ಬೇಗಾರ್
24 ಜೂನ್ 2006

ಶ್ರೀ ವೃಷಭೇಂದ್ರಪ್ಪನವರಿಗೆ,

ನಿಮ್ಮ ಕಾಗದ ತಲುಪಿತು. ತಿಮ್ಮಪ್ಪಗೌಡರು ನನ್ನ ಅಜ್ಜ. ಲಿಂಗಪ್ಪಗೌಡರು ಅವರ ಒಬ್ಬನೇ ಮಗ, ನನ್ನ ತಂದೆ. ಅವರು 1944ರಲ್ಲಿ ಸತ್ತಿಲ್ಲ. 1983ರ ಫೆಬ್ರವರಿಯಲ್ಲಿ, ನಮ್ಮ ಮನೆಯಲ್ಲಿ, ನಾನು ಹಿಡಿದ ಲೋಟದಿಂದ ನೀರು ಕುಡಿದು ತೀರಿಕೊಂಡರು. ನಾನು ಹುಟ್ಟಿದ್ದು 1951ರಲ್ಲಿ. ನಿಮ್ಮ ಪಟ್ಟಿ ಸರಿ ಎಂದಾದರೆ ನಾನು ಹೇಗೆ ಹುಟ್ಟಿದೆ ಎಂಬುದನ್ನು ನೀವೇ ಹೇಳಬೇಕು.

ನಮ್ಮ ತಂದೆ ಮಿಲಿಟರಿಗೆ ಸೇರಿದವರಲ್ಲ. ಹದಿನೆಂಟು ವರ್ಷ ಇಲ್ಲಿನ ಸಹಕಾರ ಸಂಘದ ಅಧ್ಯಕ್ಷರಾಗಿದ್ದರು. ಅವರ ಫೋಟೋ ಈಗಲೂ ಸಂಘದ ಗೋಡೆಯ ಮೇಲಿದೆ, ಬೇಕಿದ್ದರೆ ಬಂದು ನೋಡಬಹುದು. ಲಿಂಗಪ್ಪ ಎಂಬ ಹೆಸರಿನವರು ನಮ್ಮ ಕಡೆ ಬೇಕಾದಷ್ಟು ಜನ. ಎಲ್ಲೋ ಅದಲುಬದಲಾಗಿದೆ. ದಯವಿಟ್ಟು ನಿಮ್ಮ ಪುಸ್ತಕದಲ್ಲಿ ತಿದ್ದಿಕೊಳ್ಳಿ.

ಇಂತಿ,
ಬಿ.ಎಲ್. ಚಂದ್ರಶೇಖರ


ಕೊಪ್ಪ
3 ಜುಲೈ 2006

ಶ್ರೀ ಚಂದ್ರಶೇಖರ ಅವರಿಗೆ,

ಬದುಕಿದ್ದವರನ್ನು ಸತ್ತರೆಂದು ಬರೆದದ್ದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. ಮತ್ತೊಮ್ಮೆ ಹೋಗಿ ಪಟ್ಟಿ ನೋಡಿಸಿದೆ. ಲಿಂಗಪ್ಪ ಎಂಬ ಹೆಸರು ಬಹಳ ಜನಕ್ಕೆ ಇರಬಹುದು. ಬೇಗಾರಿನ ತಿಮ್ಮಪ್ಪಗೌಡರ ಮಗ ಲಿಂಗಪ್ಪ ಎಂದರೆ ಒಬ್ಬರೇ ಎಂದು ನೀವೇ ಬರೆದಿದ್ದೀರಿ.

ಪಾತ್ರೆ ವ್ಯಾಪಾರಿಯನ್ನೂ ಕೇಳಿದೆ. ಜನವರಿಯಲ್ಲಿ ಬೇಗಾರಿನ ಒಂದು ಮನೆಯಿಂದ ಹಳೆಯ ಹಿತ್ತಾಳೆ ತೆಗೆದುಕೊಂಡು ಹೊಸ ಸ್ಟೀಲು ಕೊಟ್ಟನಂತೆ. ಅದರಲ್ಲಿದ್ದ ಒಂದು ಗಿಂಡಿಯೊಳಗೆ, ಬಟ್ಟೆಯಲ್ಲಿ ಸುತ್ತಿ ತುರುಕಿದ ಹಾಗೆ ಈ ಪದಕ ಇತ್ತಂತೆ. ಸತ್ತ ಸೈನಿಕನ ಪದಕವನ್ನು ಸರ್ಕಾರ ತಂದೆಯ ವಿಳಾಸಕ್ಕೆ ಕಳಿಸುತ್ತಿತ್ತು.

ನಿಮ್ಮ ತಂದೆ 1983ರವರೆಗೆ ಬದುಕಿದ್ದರು ಎಂಬುದನ್ನು ನಾನು ಪೂರ್ತಿ ನಂಬುತ್ತೇನೆ. ಹಾಗಿದ್ದರೆ ಅವರ ಹೆಸರಿನಲ್ಲಿ ಇನ್ನೊಬ್ಬ ಸತ್ತಿದ್ದಾನೆ. ನಿಮಗೆ ಇಷ್ಟವಿಲ್ಲದಿದ್ದರೆ ಈ ಪುಟವನ್ನು ಇಲ್ಲಿಗೇ ಮುಚ್ಚುತ್ತೇನೆ. ಮುಚ್ಚುವ ಮೊದಲು ಒಂದೇ ಪ್ರಶ್ನೆ. 1943ರ ಸುಮಾರಿಗೆ ನಿಮ್ಮ ಮನೆಯಿಂದ ಹೊರಟು, ವಾಪಸು ಬಾರದವರು ಯಾರಾದರೂ ಇದ್ದರೇ?

ಇಂತಿ,
ವೃಷಭೇಂದ್ರಪ್ಪ


ಬೇಗಾರ್
15 ಜುಲೈ 2006

ಶ್ರೀ ವೃಷಭೇಂದ್ರಪ್ಪನವರಿಗೆ,

ಪಾತ್ರೆಗಳು ನಮ್ಮ ಮನೆಯವೇ. ಅಟ್ಟ ಖಾಲಿ ಮಾಡುವಾಗ ಕೊಟ್ಟೆವು. ಉಳಿದದ್ದು ನನಗೆ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಕಾಣುವುದಿಲ್ಲ. ಪುಟ ಮುಚ್ಚಿಬಿಡಿ. ಪದಕ ನೀವೇ ಇಟ್ಟುಕೊಳ್ಳಿ. ಇನ್ನು ಈ ವಿಷಯವಾಗಿ ಪತ್ರ ಬೇಡ.

ಬಿ.ಎಲ್. ಚಂದ್ರಶೇಖರ


ಬೇಗಾರ್
9 ನವೆಂಬರ್ 2006

ವೃಷಭೇಂದ್ರಪ್ಪನವರಿಗೆ,

ಪತ್ರ ಬೇಡ ಎಂದವನು ನಾನೇ. ಈಗ ಬರೆಯುತ್ತಿರುವವನೂ ನಾನೇ.

ಕಳೆದ ತಿಂಗಳು ಖಾತೆಯ ಕೆಲಸಕ್ಕೆಂದು ಶೃಂಗೇರಿಯ ತಾಲ್ಲೂಕು ಆಫೀಸಿಗೆ ಹಳೆಯ ಕಾಗದಗಳನ್ನು ತೆಗೆದುಕೊಂಡು ಹೋಗಿದ್ದೆ. ಎಲ್ಲದರಲ್ಲೂ ನಮ್ಮ ತಂದೆಯ ರುಜು ಇದೆ: ಬಿ.ಟಿ. ಗೌಡ. ಊರೆಲ್ಲ ಅವರನ್ನು ಕರೆಯುತ್ತಿದ್ದದ್ದೂ ಹಾಗೆಯೇ. ನನ್ನ ಮದುವೆಯ ಕರೆಯೋಲೆಯಲ್ಲಿ ಅಚ್ಚಾಗಿದ್ದೂ ಅದೇ. ಇಷ್ಟು ವರ್ಷ ಅದು ನನಗೆ ಏನೂ ಅನ್ನಿಸಿರಲಿಲ್ಲ. ಅವತ್ತು ಆಫೀಸಿನ ಬೆಂಚಿನ ಮೇಲೆ ಕುಳಿತು ಬಿಡಿಸಿ ನೋಡಿದೆ. ಬೇಗಾರ್, ತಿಮ್ಮಪ್ಪ, ಗೌಡ. ಊರಿನ ಹೆಸರು, ಅಪ್ಪನ ಹೆಸರು, ಮನೆತನ. ಅವರ ಹೆಸರು ಮಾತ್ರ ಇಲ್ಲ. 1942ರ ಒಂದೇ ಒಂದು ಕಾಗದದಲ್ಲಿ ಲಿಂಗಪ್ಪಗೌಡ ಎಂದು ಪೂರ್ತಿ ಬರೆದಿದ್ದಾರೆ. ಆಮೇಲೆ ಯಾವುದರಲ್ಲೂ ಇಲ್ಲ.

ಅಲ್ಲಿಂದ ಮನೆಗೆ ಬರದೆ ಶೆಟ್ಟಿಕೊಪ್ಪಕ್ಕೆ ಹೋದೆ. ಅಲ್ಲಿ ನನ್ನ ತಂದೆಯ ತಂಗಿ ಅನ್ನಮ್ಮ ಇದ್ದಾರೆ. ಎಪ್ಪತ್ತೈದು ವರ್ಷ. ಕಣ್ಣು, ಕಿವಿ, ನೆನಪು ಎಲ್ಲ ಚುರುಕು. ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು.

"ಅತ್ತೆ, ಅಪ್ಪಯ್ಯ ಮಿಲಿಟರಿಗೆ ಸೇರಿದ್ರಾ?" ಎಂದು ಕೇಳಿದೆ.

"ಯಾರು ಹೇಳಿದ್ದು ನಿಂಗೆ?"

"ಕೊಪ್ಪದಲ್ಲಿ ಒಬ್ರು ವಾಚ್ ರಿಪೇರಿಯವರು."

"ಅವರಿಗೆಂತ ಬೇರೆ ಕೆಲಸ ಇಲ್ವಾ?"

"ಇಲ್ವಂತೆ" ಅಂದೆ.

ಅತ್ತೆ ಮೊರ ಕೆಳಗಿಟ್ಟರು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

"ಅಣ್ಣ ನಮ್ಮಪ್ಪಯ್ಯನ ಹತ್ರ ಜಗಳ ಮಾಡ್ಕಂಡು ನರಸಿಂಹರಾಜಪುರಕ್ಕೆ ಹೋಗಿದ್ದ. ಅಲ್ಲಿ ಮಿಲಿಟರಿಯವ್ರು ಲಾರಿ ನಿಲ್ಸಿ ಜನ ಸೇರಿಸ್ತಿದ್ರು. ಸಿಟ್ಟಲ್ಲಿ ರುಜು ಹಾಕಿ ಚೀಟಿ ತಗಂಡು ಬಂದ. ಮುಂದಿನ ವಾರ ಶಿವಮೊಗ್ಗಕ್ಕೆ ಹಾಜರಾಗ್ಬೇಕಿತ್ತು. ಅಮ್ಮ ಊಟ ಬಿಟ್ಲು. ಇದ್ದೊಬ್ಬ ಗಂಡು ಮಗ, ನೋಡು. ನಮ್ಮನೆ ಗದ್ದೆ ಕೆಲ್ಸಕ್ಕೆ ಬೂತಪ್ಪ ಅಂತ ಇದ್ದ. ಅಣ್ಣಂದೇ ವಯಸ್ಸು. ಅಪ್ಪಯ್ಯ ಅವನ್ನ ಕರೆಸಿ ಚೀಟಿ ಕೈಗೆ ಕೊಟ್ರು. ಕೇಳಿದೋರಿಗೆ ಲಿಂಗಪ್ಪ ಅನ್ನು, ತಿಮ್ಮಪ್ಪಗೌಡ್ರ ಮಗ ಅನ್ನು ಅಂದ್ರು. ತಿರುಗಿ ಬಂದ್ಮೇಲೆ ಹಳ್ಳದ ಬದಿ ಗದ್ದೆ ನಿಂಗೇ ಅಂದ್ರು. ಬೂತಪ್ಪ ಇಲ್ಲ ಅನ್ಲಿಲ್ಲ. ಇಲ್ಲ ಅನ್ನೋ ಕಾಲವಾ ಅದು?"

"ಆಮೇಲೆ?"

"ಮರುವರ್ಷ ಆಷಾಢದಲ್ಲಿ ಸರ್ಕಾರದ ಕಾಗದ ಬಂತು, ನಿಮ್ಮ ಮಗ ಲಿಂಗಪ್ಪ ತೀರಿಕೊಂಡ ಅಂತ. ಇಂಗ್ಲಿಷ್ ಕಾಗದ. ಮನೇಲಿ ಇಂಗ್ಲಿಷ್ ಬರ್ತಿದ್ದದ್ದು ಅಣ್ಣಂಗೊಬ್ಬಂಗೇ. ಅವನ ಸಾವಿನ ಸುದ್ದಿ ಅವನೇ ಓದಿ ಹೇಳಿದ."

ಬೂತಪ್ಪನ ಹೆಂಡತಿಗೆ ಯಾರು ಹೇಳಿದರು ಎಂದು ಕೇಳಿದೆ.

"ಚೌಡಮ್ಮಂಗೆ ಹೇಳಿದ್ರೆ ಊರಿಗೆಲ್ಲ ಹೇಳ್ದಂಗೆ. ಸರ್ಕಾರಕ್ಕೆ ಮೋಸ ಮಾಡಿದ್ದಕ್ಕೆ ಜೈಲಿಗೆ ಹಾಕ್ತಾರೆ ಅಂತ ಅಪ್ಪಯ್ಯಂಗೆ ಹೆದರಿಕೆ. ಮಿಲಿಟರಿ ರಸ್ತೆ ಕೆಲ್ಸಕ್ಕೆ ಹೋದ ಅಂತಷ್ಟೇ ಅವಳಿಗೆ ಗೊತ್ತಿದ್ದದ್ದು. ಅಲ್ಲಿಂದ ಓಡಿಹೋದ, ಘಟ್ಟದ ಕೆಳಗೆ ಇನ್ನೊಬ್ಳನ್ನ ಕಟ್ಕಂಡಿದಾನೆ ಅಂತ ಸುದ್ದಿ ಹುಟ್ಸಿದ್ರು. ಅವಳು ಎಳೆಕೂಸು ಎತ್ಕಂಡು ನೆಮ್ಮಾರ್ ಕಡೆ ಎಸ್ಟೇಟಿಗೆ ಹೋದ್ಲು. ಹೆಣ್ಣು ಮಗು. ಶಾಂತ ಅಂತ."

ಅತ್ತೆ ಅಳಲಿಲ್ಲ. ಮತ್ತೆ ಮೊರ ಎತ್ತಿಕೊಂಡರು.

ಆ ಮಗು ಬದುಕಿದ್ದರೆ ಈಗ ಅರವತ್ತೆರಡು ವರ್ಷ. ನೀವು ಹುಡುಕಿಕೊಡಬೇಕು. ಬೇಗಾರಿನಿಂದ ನೆಮ್ಮಾರಿಗೆ ದೂರವೇನಿಲ್ಲ, ನಾನೇ ಹೋಗಬಹುದಿತ್ತು. ನಾಲ್ಕು ಸಲ ಹೊರಟೆ.

ಇಂತಿ,
ಚಂದ್ರಶೇಖರ


ಕೊಪ್ಪ
4 ಡಿಸೆಂಬರ್ 2006

ಚಂದ್ರಶೇಖರ ಅವರಿಗೆ,

ಹೋದ ವಾರ ಒಂದು ದಿನ ಅಂಗಡಿ ಮುಚ್ಚಿ ನೆಮ್ಮಾರಿಗೆ ಹೋಗಿದ್ದೆ. ಹುಡುಕುವುದು ಕಷ್ಟವಾಗಲಿಲ್ಲ. ಬೇಗಾರಿನಿಂದ ಬಂದ ಚೌಡಮ್ಮನ ಮಗಳು ಎಂದರೆ ಹಳಬರಿಗೆಲ್ಲ ಗೊತ್ತು. ಶಾಂತಕ್ಕ ಈಗಲೂ ಕಾಫಿ ಕೊಯ್ಲಿಗೆ ಹೋಗುತ್ತಾರೆ. ಗಂಡ ಇಲ್ಲ. ಮಗಳು ಪವಿತ್ರಾ ಅಂಗನವಾಡಿಯಲ್ಲಿ ಟೀಚರ್. ನಾನು ಹೋದಾಗ ಶಾಂತಕ್ಕ ಕೆಲಸ ಬಿಟ್ಟು ಬಂದು ಕಾಲು ತೊಳೆಯುತ್ತಿದ್ದರು.

"ಎಂತ, ಓಟಿನ ಪಟ್ಟಿಗಾ?" ಎಂದು ಕೇಳಿದರು.

"ಅಲ್ಲಮ್ಮ. ನಿಮ್ಮ ತಂದೆಯ ವಿಷಯ."

"ಆ ಮನುಷ್ಯನ ವಿಷಯ ಈ ಮನೇಲಿ ಮಾತಾಡೋದಿಲ್ಲ" ಎಂದು ಒಳಗೆ ಹೋಗಿಬಿಟ್ಟರು.

ಮಗಳು ಹೊರಗೆ ಬಂದು ಕುರ್ಚಿ ಹಾಕಿದಳು. ನಾನು ಅವಳಿಗೆ ಹೇಳಿದೆ. ನೀವು ಬರೆದದ್ದನ್ನೆಲ್ಲ, ಹಳ್ಳದ ಬದಿಯ ಗದ್ದೆಯ ಮಾತನ್ನೂ ಸೇರಿಸಿ, ಏನೂ ಬಿಡದೆ ಹೇಳಿದೆ. ಬಾಗಿಲ ಆಚೆ ನಿಂತು ತಾಯಿ ಕೇಳುತ್ತಿದ್ದದ್ದು ಸೀರೆಯ ಅಂಚಿನಿಂದ ಗೊತ್ತಾಗುತ್ತಿತ್ತು. ಮುಗಿಸಿದ ಮೇಲೆ ಒಳಗಿನಿಂದಲೇ ಪ್ರಶ್ನೆ ಬಂತು.

"ಯಾವ ತಿಂಗಳು?"

"ಜೂನ್. ಹತ್ತೊಂಬತ್ತನೇ ತಾರೀಕು."

"ನಂಗೆ ಆಗ ಮೂರು ತಿಂಗಳು."

ಹೊರಗೆ ಬಂದು ಹೊಸಿಲ ಮೇಲೆ ಕುಳಿತರು. "ಅವ್ವ ಹೋಗಿ ಐದು ವರ್ಷ ಆಯ್ತು. ಗಂಡ ಎಲ್ಲಾದ್ರೂ ಇರ್ತಾನೆ ಅಂತ ಕುಂಕುಮ ಇಟ್ಟು, ಕೈತುಂಬ ಹಸಿರು ಬಳೆ ಹಾಕಿ ಕಳಿಸಿದ್ವಿ. ಅದು ತಪ್ಪಾಯ್ತಾ ಹೇಳಿ ನೀವು."

ನಾನು ಪದಕವನ್ನು ತೆಗೆದು ಅವರ ಕೈಗೆ ಕೊಟ್ಟೆ. ಅವರು ತಿರುಗಿಸಿ ನೋಡಿ, ಮಗಳಿಗೆ ಕೊಟ್ಟು, "ಯಾರ ಹೆಸ್ರಿದೆ ಓದು" ಅಂದರು. ಪವಿತ್ರಾ ಭೂತಗನ್ನಡಿ ಹಿಡಿದು ಓದಿ, "ಲಿಂಗಪ್ಪ" ಅಂದಳು.

"ಹಂಗಾದ್ರೆ ಗೌಡ್ರಿಗೇ ಕೊಡಿ."

ವಾಪಸು ತಂದಿದ್ದೇನೆ. ಇದುವರೆಗೆ ಇಪ್ಪತ್ತಾರು ಪದಕಗಳ ಪುಟ ಬರೆದಿದ್ದೇನೆ. ಎಲ್ಲ ಕಡೆಯೂ ಸಾವಿನ ಸುದ್ದಿ ನನಗಿಂತ ಮೊದಲೇ ತಲುಪಿರುತ್ತಿತ್ತು. ನಾನೇ ಹೇಳಬೇಕಾದದ್ದು ಇದೇ ಮೊದಲು.

ಇಂಫಾಲದ ಕಲ್ಲಿನಲ್ಲಿ ಹೆಸರು ತಿದ್ದಿಸಲು ಸಂಬಂಧಪಟ್ಟ ಕಚೇರಿಗೆ ಅರ್ಜಿ ಹಾಕಬಹುದು. ಅರ್ಜಿ ನಾನು ಬರೆಯುತ್ತೇನೆ. ಅದರ ಜೊತೆ ಲಿಂಗಪ್ಪಗೌಡರ ಮಗನಾದ ನಿಮ್ಮ ಅಫಿಡವಿಟ್ ಬೇಕು. ಯೋಚಿಸಿ.

ಇಂತಿ,
ವೃಷಭೇಂದ್ರಪ್ಪ


ನೆಮ್ಮಾರ್
2 ಜನವರಿ 2007

ಬೇಗಾರಿನ ಚಂದ್ರಶೇಖರ ಗೌಡರಿಗೆ,

ಶಾಂತಕ್ಕನ ಮಗಳು ಪವಿತ್ರಾ ಬರೆಯುವುದು. ಅವ್ವನಿಗೆ ಓದು ಬರಹ ಇಲ್ಲ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತಿದ್ದೇನೆ.

ಗದ್ದೆ ಬೇಡ. ಪದಕ ಬೇಡ. ಕಲ್ಲಿನ ಮೇಲೆ ಏನು ಬರೆದಿದ್ದಾರೆ ಎಂದು ನೋಡಲು ನಾವು ಅಷ್ಟು ದೂರ ಹೋಗುವವರಲ್ಲ. ತಿದ್ದಿಸುವುದು ಬಿಡುವುದು ನಿಮ್ಮಿಬ್ಬರಿಗೆ ಸೇರಿದ್ದು.

ನಾನು ಚಿಕ್ಕವಳಿದ್ದಾಗ ಎಸ್ಟೇಟಿನ ಕೂಲಿ ಮನೆಗಳ ಲೈನಿನಲ್ಲಿ ಹೆಂಗಸರು ಹೇಳುತ್ತಿದ್ದರು, ಹೆಣ್ಣು ಹುಟ್ಟಿತು ಎಂದು ಕಾಗದ ಹೋದ ಮೇಲೆ ಅವನು ಬರಲಿಲ್ಲ, ಇವಳ ಕಾಲ್ಗುಣ ಎಂದು. ನನ್ನ ಅವ್ವ ಚೌಡಮ್ಮನೂ ಸಿಟ್ಟು ಬಂದಾಗ ಒಂದೆರಡು ಸಲ ಹಾಗೇ ಅಂದಿದ್ದಳು. ಓಡಿಹೋದವನ ಮಗಳು ಎಂದು ಎರಡು ಕಡೆ ಸಂಬಂಧ ಮುರಿಯಿತು. ಮೂರನೆಯವನಿಗೆ ಅದು ಎರಡನೇ ಮದುವೆ, ಅದಕ್ಕೇ ಒಪ್ಪಿಕೊಂಡ. ಆ ಮಾತು ಹುಟ್ಟಿದ್ದು ಬೇಗಾರಿನಲ್ಲಿ. ಬೇಗಾರಿನಲ್ಲೇ, ನಾಲ್ಕು ಜನರ ಎದುರು, ಬೂತಪ್ಪ ಓಡಿಹೋಗಲಿಲ್ಲ ಎಂದು ಗೌಡರ ಮನೆಯವರು ಹೇಳಬೇಕು. ಅಷ್ಟೇ.

ಇಷ್ಟು ಅವ್ವನ ಮಾತು. ನನ್ನದು ಒಂದು ಇದೆ. ನಿಮ್ಮ ತಂದೆ ಊರಿಗೆ ಬೇಕಾದವರಾಗಿದ್ದರು ಎಂದು ವೃಷಭೇಂದ್ರಪ್ಪನವರು ಹೇಳಿದರು. ಇರಬಹುದು. ನನ್ನ ಅಜ್ಜಿ ಐವತ್ತೇಳು ವರ್ಷ ದಿನಾ ಬೆಳಿಗ್ಗೆ ಒಲೆ ಹಚ್ಚುವಾಗ ಅಜ್ಜನನ್ನು ಬೈಯುತ್ತಿದ್ದಳು. ಆ ಬೈಗುಳ ನಿಜವಾಗಿ ಯಾರಿಗೆ ಸೇರಬೇಕಿತ್ತು ಎಂದು ನಾನು ಈಗ ಯೋಚಿಸುತ್ತೇನೆ.

ಇಂತಿ,
ಪವಿತ್ರಾ


ಬೇಗಾರ್
20 ಮಾರ್ಚ್ 2007

ವೃಷಭೇಂದ್ರಪ್ಪನವರಿಗೆ,

ಪವಿತ್ರಾಳ ಪತ್ರ ಬಂದು ಎರಡೂವರೆ ತಿಂಗಳಾಯಿತು. ಅವಳಿಗೆ ಮೂರೇ ಸಾಲಿನ ಉತ್ತರ ಬರೆದೆ: ಮಾರ್ಚ್ ಹದಿನೇಳರಂದು ಬೆಳಿಗ್ಗೆ ಹನ್ನೊಂದಕ್ಕೆ ಸಂಘದ ಹತ್ತಿರ ಬರಬೇಕು ಎಂದು. ಯಾಕೆಂದು ಬರೆಯಲಿಲ್ಲ. ಬರೆದರೆ ಆಮೇಲೆ ಮಾಡಲೇಬೇಕಾಗುತ್ತದೆ ಎಂಬ ಅಳುಕು ಇತ್ತು.

ನಮ್ಮ ಸಂಘದವರು ಹೊಸ ಸಭಾಂಗಣ ಕಟ್ಟಿಸಿದ್ದಾರೆ. ಅದಕ್ಕೆ ಬಿ.ಟಿ. ಗೌಡ ಸಭಾಂಗಣ ಎಂದು ನಮ್ಮ ತಂದೆಯ ಹೆಸರು ಇಡುವುದೆಂದು ಹೋದ ವರ್ಷವೇ ತೀರ್ಮಾನವಾಗಿತ್ತು. ಹದಿನೇಳಕ್ಕೆ ಉದ್ಘಾಟನೆ. ಮನೆಯವರ ಪರವಾಗಿ ನಾನು ಎರಡು ಮಾತಾಡಬೇಕಿತ್ತು. ಇನ್ನೂರು ಜನ ಸೇರಿದ್ದರು.

ನಾನು ಬರೆದುಕೊಂಡು ಹೋಗಿರಲಿಲ್ಲ. ಮೈಕಿನ ಎದುರು ನಿಂತು, ನಮ್ಮ ತಂದೆಯ ಪೂರ್ತಿ ಹೆಸರು ಲಿಂಗಪ್ಪಗೌಡ ಎಂದು ಮೊದಲು ಹೇಳಿದೆ. ಆ ಹೆಸರನ್ನು ಅವರು ಯಾಕೆ ಬರೆಯುತ್ತಿರಲಿಲ್ಲ ಎಂದು ಆಮೇಲೆ ಹೇಳಿದೆ. ಚೀಟಿ, ಶಿವಮೊಗ್ಗ, ಇಂಫಾಲ, ಆಷಾಢದ ಕಾಗದ, ನಮ್ಮ ಅಜ್ಜ ಹುಟ್ಟಿಸಿದ ಸುದ್ದಿ. "ಬೂತಪ್ಪ ಓಡಿಹೋಗಲಿಲ್ಲ. ನಮ್ಮ ತಂದೆ ಹೋಗಬೇಕಾದ ಕಡೆಗೆ ಹೋಗಿ ಸತ್ತ. ನಮ್ಮ ಮನೆಯವರಿಗೆ ಅದು ಗೊತ್ತಿತ್ತು" ಅಂದೆ. ಐದು ನಿಮಿಷವೂ ಆಗಿರಲಿಕ್ಕಿಲ್ಲ. ಜನ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಸುಮ್ಮನೆ ಕುಳಿತರು. ಹಿಂದಿನ ಸಾಲಿನಿಂದ ಮಾರಪ್ಪ ಎದ್ದು ನಿಂತ. ಎಂಬತ್ತು ದಾಟಿದ ಮುದುಕ, ಮೊದಲು ನಮ್ಮಲ್ಲೇ ಗದ್ದೆ ಕೆಲಸಕ್ಕಿದ್ದವನು.

"ಬೂತ ನನ್ನ ಜೊತೆಯವ. ಅವ ಓಡೋ ಆಸಾಮಿ ಅಲ್ಲ ಅಂತ ನಾ ಆಗ್ಲೇ ಹೇಳಿದ್ದೆ. ನನ್ನ ಮಾತು ಯಾರು ಕೇಳ್ತಾರೆ?" ಎಂದು ಹೇಳಿ ಕೂತುಬಿಟ್ಟ.

ಅಷ್ಟಕ್ಕೆ ಸಭೆ ಮುಗಿದ ಹಾಗಾಯಿತು. ಈಗಿನ ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು, "ಎಂತ ಮಾರಾಯ, ಬೋರ್ಡ್ ಬರೆಸಿ ತಂದಿಟ್ಟಾಗಿದೆ. ಇವತ್ತೇ ಹೇಳ್ಬೇಕಿತ್ತಾ ಇದನ್ನ?" ಅಂದರು. "ಇವತ್ತೇ ಅಲ್ವಾ ಜನ ಸೇರಿದ್ದು" ಅಂದೆ. ಬೋರ್ಡು ಗೋಡೆಗೆ ಒರಗಿಸಿದ ಹಾಗೆಯೇ ಇದೆ. ಮೇಲೆ ಹಾಕಿಲ್ಲ, ವಾಪಸು ಕಳಿಸಿಯೂ ಇಲ್ಲ. ನಮ್ಮ ಮನೆಯವಳು ಮೂರು ದಿನದಿಂದ ನನ್ನೊಡನೆ ಮಾತಾಡಿಲ್ಲ.

ಶಾಂತಕ್ಕ ಬಂದಿರಲಿಲ್ಲ. ಪವಿತ್ರಾ ಬಂದಿದ್ದಳು. ಬಾಗಿಲ ಹತ್ತಿರ ನಿಂತು ಕೇಳಿದಳು. ನಾನು ವೇದಿಕೆಯಿಂದ ಇಳಿದು ಹೋಗುವಷ್ಟರಲ್ಲಿ ಬಸ್ಸಿಗೆ ಹೋಗಿಯಾಗಿತ್ತು.

ಮರುದಿನ ಶೆಟ್ಟಿಕೊಪ್ಪಕ್ಕೆ ಹೋಗಿ ನಡೆದದ್ದನ್ನೆಲ್ಲ ಅತ್ತೆಗೆ ಹೇಳಿದೆ. ಪವಿತ್ರಾಳ ಪತ್ರವನ್ನೂ ಓದಿ ಹೇಳಿದೆ. ಹೆಣ್ಣು ಹುಟ್ಟಿದ್ದಕ್ಕೆ ಅಪ್ಪ ಬರಲಿಲ್ಲ ಎಂದು ಶಾಂತಕ್ಕನಿಗೆ ಹೇಳುತ್ತಿದ್ದರು ಎಂಬಲ್ಲಿಗೆ ಬಂದಾಗ ಅತ್ತೆ ಎದ್ದು ಒಳಗೆ ಹೋದವರು ಊಟಕ್ಕೂ ಬರಲಿಲ್ಲ.

ಅಫಿಡವಿಟ್ ಇದರ ಜೊತೆಗಿದೆ. ನಿನ್ನೆ ಶೃಂಗೇರಿಯಲ್ಲಿ ಮಾಡಿಸಿದೆ.

ಇಂತಿ,
ಚಂದ್ರಶೇಖರ


ಕೊಪ್ಪ
16 ಆಗಸ್ಟ್ 2007

ಚಂದ್ರಶೇಖರ ಅವರಿಗೆ,

ಕಚೇರಿಯಿಂದ ಉತ್ತರ ಬಂತು. ಮರ್ಯಾದೆಯಿಂದಲೇ ಬರೆದಿದ್ದಾರೆ. ಆ ಕಾಲದ ಯಾವುದಾದರೂ ದಾಖಲೆ ಇಲ್ಲದೆ, ಅರವತ್ತು ವರ್ಷದ ಮೇಲೆ ಮಾಡಿದ ಅಫಿಡವಿಟ್ ಒಂದರ ಮೇಲೆಯೇ ಕಲ್ಲಿನ ಹೆಸರನ್ನು ಬದಲಾಯಿಸಲು ಬರುವುದಿಲ್ಲವಂತೆ. ನಿಮ್ಮ ಹೇಳಿಕೆಯನ್ನು ಆ ನಂಬರಿನ ಫೈಲಿನಲ್ಲಿ ಸೇರಿಸಿಡುತ್ತಾರಂತೆ. ಮುಂದೆ ಯಾರಾದರೂ ಹುಡುಕಿದರೆ ಅವರಿಗೆ ಸಿಗುತ್ತದೆ.

ನಿಮ್ಮ ಅಜ್ಜನ ಕಾಗದಪತ್ರಗಳಲ್ಲಿ ಬೂತಪ್ಪ ಎಂಬ ಹೆಸರು ಬರೆದ ಒಂದು ಚೂರಾದರೂ ಇದೆಯೇ ಎಂದು ನೋಡಿ. ಸಿಗಲಿಕ್ಕಿಲ್ಲ. ಕೂಲಿಯವರ ಹೆಸರನ್ನು ಆಗ ಯಾರೂ ಬರೆದಿಡುತ್ತಿರಲಿಲ್ಲ.

ಪದಕ ನನ್ನ ಹತ್ತಿರವೇ ಇದೆ. ನೀವೂ ಬೇಡ ಎಂದಿರಿ, ಅವರೂ ಬೇಡ ಎಂದರು. ನೋಟ್‌ಬುಕ್ಕಿನ ಆ ಪುಟದ ತಲೆಯಲ್ಲಿ ಬೂತಪ್ಪ, ಚೌಡಮ್ಮನ ಗಂಡ ಎಂದು ಬರೆದಿದ್ದೇನೆ. ಹೇಗೆ ಸತ್ತರು ಎಂಬ ಜಾಗ ಖಾಲಿ ಬಿಟ್ಟಿದ್ದೇನೆ. ಅದನ್ನು ತಿಳಿಯುವ ದಾರಿ ನನಗೆ ಕಾಣುತ್ತಿಲ್ಲ.

ಇಂತಿ,
ವೃಷಭೇಂದ್ರಪ್ಪ


ಶೆಟ್ಟಿಕೊಪ್ಪ
3 ಸೆಪ್ಟೆಂಬರ್ 2007

ಶಾಂತನಿಗೆ,

ನಾನು ಅನ್ನಮ್ಮ. ಬೇಗಾರಿನ ತಿಮ್ಮಪ್ಪಗೌಡರ ಮಗಳು. ನಿನ್ನನ್ನು ನಾನು ಎತ್ತಿ ಆಡಿಸಿದ್ದೇನೆ, ನಿನಗೆ ನೆನಪಿರಲು ಸಾಧ್ಯವಿಲ್ಲ. ಇದನ್ನು ನಿನ್ನ ಮಗಳು ಓದಿ ಹೇಳುತ್ತಾಳೆ ಎಂದುಕೊಂಡು ಬರೆಯುತ್ತಿದ್ದೇನೆ. ಅಕ್ಷರ ನೆಟ್ಟಗಿಲ್ಲ.

ನೀನು ಹುಟ್ಟಿದ ಸುದ್ದಿಯ ಕಾಗದ ಬರೆದವಳು ನಾನೇ. ನಮ್ಮ ಹಿತ್ತಿಲ ಬಾಗಿಲಲ್ಲಿ ಕೂತು ನಿನ್ನವ್ವ ಹೇಳಿದಳು, ನಾನು ಬರೆದೆ. ಲಕೋಟೆಯ ಮೇಲೆ ಬೇರೆ ಹೆಸರು ಬರೆದದ್ದು ಅವಳಿಗೆ ಗೊತ್ತಾಗಲಿಲ್ಲ. ಆಗ ನನಗೆ ಹದಿಮೂರು ವರ್ಷ.

ಆ ಕಾಗದಕ್ಕೆ ನಿನ್ನಪ್ಪನ ಉತ್ತರ ಬಂದಿತ್ತು. ಇದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ, ಹೋದ ವರ್ಷ ಚಂದ್ರಶೇಖರ ಬಂದು ಕೇಳಿದಾಗಲೂ ಹೇಳಲಿಲ್ಲ. ಉತ್ತರ ಬಂದದ್ದು ಶ್ರಾವಣದಲ್ಲಿ. ಅವನು ಸತ್ತ ಸುದ್ದಿ ಬಂದು ಆಗಲೇ ಮೂರು ವಾರವಾಗಿತ್ತು. ಓಡಿಹೋದ ಎಂದು ಊರಿಗೆಲ್ಲ ಹೇಳಿಯೂ ಆಗಿತ್ತು. ಅಪ್ಪಯ್ಯ ನನ್ನ ಕೈಯಲ್ಲಿ ಅದನ್ನು ಓದಿಸಿ, ಇಸಿದುಕೊಂಡು ಒಲೆಗೆ ಹಾಕಿದರು. "ನೀನು ಏನೂ ಓದಿಲ್ಲ" ಅಂದರು. ಹೂಂ ಅಂದೆ. ಅದರ ಮರುವಾರವೇ ನಿನ್ನವ್ವ ನಿನ್ನನ್ನು ಎತ್ತಿಕೊಂಡು ಹೊರಟಳು. ನಾನು ಗೇಟಿನವರೆಗೂ ಹೋಗಿ ವಾಪಸು ಬಂದೆ.

ಒಂದಕ್ಷರವೂ ಮರೆತಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಿರುವಷ್ಟು ಬರೆಯುತ್ತೇನೆ. ಕನ್ನಡ ಬಲ್ಲ ಜೊತೆಯವರು ಯಾರೋ ಬರೆದುಕೊಟ್ಟಿದ್ದರು.

"ಚೌಡಮ್ಮನಿಗೆ. ನಾನು ಆರಾಮ ಇದ್ದೇನೆ. ಇಲ್ಲಿಯ ಮಳೆ ನಮ್ಮ ಕಡೆಯ ಹಾಗೇ ಹೊಡೆಯುತ್ತದೆ. ಗುಡ್ಡ ಕಡಿದು ದಾರಿ ಮಾಡುತ್ತೇವೆ, ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಜರಿದಿರುತ್ತದೆ. ಹೆಣ್ಣು ಹುಟ್ಟಿದ್ದು ಗೊತ್ತಾಯಿತು. ಕಾಗದವನ್ನು ಎರಡು ಸಲ ಓದಿಸಿದೆ. ಅವತ್ತು ಟೀಗೆ ಕೊಟ್ಟ ಸಕ್ಕರೆಯನ್ನು ಹಾಕಿಕೊಳ್ಳದೆ ಇಟ್ಟುಕೊಂಡು ಜೊತೆಯವರ ಬಾಯಿಗೆಲ್ಲ ಹಾಕಿದೆ. ಗಂಡಲ್ಲ ಎಂದು ನೀನು ಬೇಜಾರು ಮಾಡಿಕೊಂಡಿದ್ದೀ ಎಂದು ಬರೆಸಿದ್ದೀ. ನನಗೆ ಬೇಜಾರಿಲ್ಲ. ಮಗು ಯಾರ ಹಾಗಿದೆ ಎಂದು ಬರೆಯಲಿಲ್ಲ. ಮುಂದಿನ ಕಾಗದದಲ್ಲಿ ಬರೆಸು. ಮಳೆಗಾಲ ಕಳೆದ ಮೇಲೆ ರಜೆ ಕೊಡುತ್ತಾರಂತೆ."

ಇಷ್ಟೇ ಇದ್ದದ್ದು. ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ, ಕೇಳುವ ಮುಖ ನನಗಿಲ್ಲ. ಕಾಗದ ನಿಮ್ಮ ಮನೆಯದು. ಅದಕ್ಕೆ ಬರೆದೆ.

ಅನ್ನಮ್ಮ


ನೆಮ್ಮಾರ್
17 ಸೆಪ್ಟೆಂಬರ್ 2007

ಶೆಟ್ಟಿಕೊಪ್ಪದ ಅನ್ನಮ್ಮನವರಿಗೆ,

ನಿಮ್ಮ ಕಾಗದ ಹೋದ ಸೋಮವಾರ ತಲುಪಿತು. ಅವ್ವ ಕೆಲಸದಿಂದ ಬಂದ ಮೇಲೆ ಓದಿ ಹೇಳಿದೆ. ಮುಗಿದ ಮೇಲೆ "ಅಪ್ಪ ಹೇಳಿದ್ದಷ್ಟನ್ನು ಇನ್ನೊಂದ್ಸಲ ಓದು" ಅಂದಳು. ಓದಿದೆ. ಆಮೇಲೆ ಎದ್ದು ಹೋಗಿ ದನ ಕಟ್ಟಿ ಬಂದಳು.

ನಿನ್ನೆ ಊಟ ಮಾಡುತ್ತಿದ್ದವಳು ನಿಲ್ಲಿಸಿ, ನಿಮಗೆ ಬರೆಯಲು ಹೇಳಿದಳು. ಅಜ್ಜನನ್ನು ಕಣ್ಣಾರೆ ಕಂಡವರು ನೀವು. ಅವನದೊಂದು ಫೋಟೋ ನಮ್ಮಲ್ಲಿಲ್ಲ, ಅಜ್ಜಿ ಅವನ ಮುಖದ ಬಗ್ಗೆ ಯಾವತ್ತೂ ಏನೂ ಹೇಳಲಿಲ್ಲ. ತಾನು ಯಾರ ಹಾಗಿದ್ದೇನೆ ಎಂದು ನೀವು ನೋಡಿ ಹೇಳಬೇಕಂತೆ.

ಬರುವ ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಅವಳನ್ನು ಕರೆದುಕೊಂಡು ಬರುತ್ತೇನೆ. ಮನೆಯಲ್ಲಿರಿ.

ಪವಿತ್ರಾ